ಟಿ1 ಎಷ್ಟು ಅಂತ ಕೇಳುವ ಮೊದಲು

ಬೆಳಗಾವಿಯಲ್ಲಿ ಇಮೇಜಿಂಗ್ ಕೋರ್ಸ್ ಮಾಡುವ ಹುಡುಗರಿಗೆ ಎಂಆರ್‌ಐ ಹೇಳಿಕೊಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. 3 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಮಷಿನ್‌ನಲ್ಲಿ ಮಿದುಳಿನ ವೈಟ್ ಮ್ಯಾಟರ್ (ನರತಂತುಗಳ ಬಿಳಿ ಭಾಗ) ಟಿ1, ಅಂದ್ರೆ ರೇಡಿಯೋ ಪಲ್ಸ್ ಕೊಟ್ಟ ಮೇಲೆ ಪ್ರೋಟಾನ್‌ಗಳ ಕಾಂತತ್ವ ಮೊದಲಿನ ಸ್ಥಿತಿಗೆ ಚೇತರಿಸಿಕೊಳ್ಳುವ ಕಾಲದ ಅಳತೆ, ಒಂದು ಕಡೆ 700 ಮಿಲಿಸೆಕೆಂಡ್ ಹತ್ತಿರ ಅಂತ ಇರುತ್ತದೆ, ಇನ್ನೊಂದು ಕಡೆ 1100. "ಇದರಾಗ ಯಾವ್ದು ಖರೆ ರೀ ಸರ್?"

ಎರಡೂ ಖರೆ ಇರಬಹುದು. ಅಳೆದ ರೀತಿ ಬೇರೆ, ಅಷ್ಟೇ.

ಪುಸ್ತಕದಲ್ಲಿ ಟಿ1 ಅಂದ್ರೆ ಚೇತರಿಕೆಯ ಒಂದೇ ಒಂದು ಚಂದದ ಗೆರೆ. ಬಾಟಲಿಯ ನೀರಿಗೆ ಅದು ಸರಿ. ಮಿದುಳಿನಲ್ಲಿ ನೀರಿನ ಜೊತೆ ಮೈಲಿನ್‌ನ (ನರತಂತುಗಳ ಹೊದಿಕೆ) ಕೊಬ್ಬು, ಪ್ರೋಟೀನ್‌ಗಳಿಗೆ ಅಂಟಿಕೊಂಡ ಪ್ರೋಟಾನ್‌ಗಳೂ ಇವೆ. ಅವುಗಳ ಟಿ2 (ಸಿಗ್ನಲ್ ಆರಿಹೋಗುವ ಕಾಲ) ಬರೀ 10 ಮೈಕ್ರೋಸೆಕೆಂಡ್ ಆಸುಪಾಸು, ಮಷಿನ್ ಕಿವಿ ಕೊಡುವಷ್ಟರಲ್ಲಿ ಅವುಗಳ ಸಿಗ್ನಲ್ ಸತ್ತೇ ಹೋಗಿರುತ್ತದೆ. ಆದರೆ ಕಾಣದಿದ್ದರೂ ಅವು ಪಕ್ಕದ ನೀರಿನ ಜೊತೆ ಕಾಂತತ್ವದ ಕೊಡು-ಕೊಳ್ಳುವಿಕೆ ನಡೆಸುತ್ತಲೇ ಇರುತ್ತವೆ. ಕೆಳಗಿನ ಮನೆಯವರ ಮೋಟರ್ ನಿಮ್ಮ ಮೀಟರ್‌ಗೆ ಸೇರಿಕೊಂಡಿದ್ದರೆ ನಿಮ್ಮ ಬಿಲ್ ಹೇಗೆ ಬರುತ್ತದೆ, ಹಾಗೆ. ಇದನ್ನು ಎಂಆರ್‌ಐನಲ್ಲಿ ಚಿತ್ರವಾಗಿ ತೋರಿಸಿದವರು ವೂಲ್ಫ್ ಮತ್ತು ಬಾಲಬನ್, 1989ರಲ್ಲಿ: ನೀರಿನ ಫ್ರೀಕ್ವೆನ್ಸಿಯಿಂದ ಕೆಲವು ಕಿಲೋಹರ್ಟ್ಸ್ ದೂರದಲ್ಲಿ ಪಲ್ಸ್ ಕೊಟ್ಟರು, ನೀರನ್ನು ಮುಟ್ಟಲೇ ಇಲ್ಲ, ಆದರೂ ನೀರಿನ ಸಿಗ್ನಲ್ ಇಳಿಯಿತು.

ತಮಾಷೆ ಏನಂದ್ರೆ, ನಾವು ಬೇಕು ಅಂತ ಆ ಪಲ್ಸ್ ಕೊಡದಿದ್ದರೂ ಇದು ಆಗುತ್ತದೆ. ಒಂದೇ ಸಲಕ್ಕೆ ಹತ್ತಾರು ಸ್ಲೈಸ್ (ಮಿದುಳಿನ ಒಂದೊಂದು ಪದರದ ಚಿತ್ರ) ತೆಗೆಯುವಾಗ ಪಕ್ಕದ ಸ್ಲೈಸ್‌ಗೆ ಕೊಟ್ಟ ಪಲ್ಸ್ ಈ ಸ್ಲೈಸ್‌ನ ಪಾಲಿಗೆ ದೂರದ ಫ್ರೀಕ್ವೆನ್ಸಿಯ ಪಲ್ಸ್ ತಾನೇ? ಹಾಗಾಗಿ ಒಂದೇ ಸ್ಲೈಸ್ ತೆಗೆದಾಗ ಇದ್ದಷ್ಟು ವೈಟ್ ಮ್ಯಾಟರ್ ಸಿಗ್ನಲ್ ಹತ್ತಾರು ತೆಗೆದಾಗ ಇರಲ್ಲ. ಸಿಎಸ್‌ಎಫ್ (ಮಿದುಳಿನ ಸುತ್ತಲಿನ ದ್ರವ) ಮಾತ್ರ ಜಾಸ್ತಿ ಅಲ್ಲಾಡಲ್ಲ, ಅದು ಹೆಚ್ಚುಕಡಿಮೆ ನೀರೇ.

ಫ್ಲಿಪ್ ಆಂಗಲ್ (ಪಲ್ಸ್ ಕಾಂತತ್ವವನ್ನು ತಿರುಗಿಸುವ ಕೋನ) ಬದಲಿಸಿ ಟಿ1 ಅಳೆಯುವ ಪದ್ಧತಿಯಲ್ಲಿ ಕಾಟ ಇನ್ನೂ ಸೂಕ್ಷ್ಮ. ಆಂಗಲ್ ಏರಿಸಿದಂತೆ ಪಲ್ಸ್‌ನ ಪವರ್ ಏರುತ್ತದೆ, ಅಂಟಿಕೊಂಡ ಪ್ರೋಟಾನ್‌ಗಳು ಜಾಸ್ತಿ ಬಡಿಸಿಕೊಳ್ಳುತ್ತವೆ, ದೊಡ್ಡ ಆಂಗಲ್‌ನ ಸಿಗ್ನಲ್ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ, ಫಿಟ್ ಮಾಡುವ ಸಾಫ್ಟ್‌ವೇರ್ ಅದನ್ನು ಉದ್ದದ ಟಿ1 ಅಂತ ಓದಿಕೊಳ್ಳುತ್ತದೆ. ಇನ್ವರ್ಷನ್ ರಿಕವರಿಯಲ್ಲಿ (ಕಾಂತತ್ವವನ್ನು ತಲೆಕೆಳಗು ಮಾಡಿ ಚೇತರಿಕೆ ಅಳೆಯುವ ಪದ್ಧತಿ) ಉಲ್ಟಾ. ನೀರು ತಲೆಕೆಳಗಾಗುತ್ತದೆ, ಅಂಟಿಕೊಂಡವು ಪೂರ್ತಿ ತಿರುಗಲ್ಲ, ಮೊದಲ ಹತ್ತಾರು ಮಿಲಿಸೆಕೆಂಡ್‌ಗಳಲ್ಲಿ ನೀರು ಬೇಗ ಚೇತರಿಸಿಕೊಳ್ಳುತ್ತದೆ. ಆ ಭಾಗವನ್ನೂ ಒಂದೇ ಗೆರೆಗೆ ತುರುಕಿದರೆ ಟಿ1 ಗಿಡ್ಡ. ಎಲ್ಲ ವ್ಯತ್ಯಾಸಕ್ಕೂ ಇದೊಂದೇ ಕಾರಣ ಅಂತಲ್ಲ, ಫ್ಲಿಪ್ ಆಂಗಲ್ ಎಲ್ಲ ಕಡೆ ಒಂದೇ ಸಮ ಇರದಿರುವುದು, ಸ್ಪಾಯ್ಲಿಂಗ್ (ಹಿಂದಿನ ಪಲ್ಸ್‌ನ ಉಳಿದ ಸಿಗ್ನಲ್ ಅಳಿಸುವುದು) ಅರೆಬರೆ ಆಗುವುದು, ಇವೂ ಇವೆ.

ನನಗೆ ತಕರಾರು ಇರುವುದು ಫ್ಯಾಂಟಮ್ (ಮಷಿನ್ ಪರೀಕ್ಷಿಸಲು ಇಡುವ ಮಾದರಿ) ಬಗ್ಗೆ. ಕಾಪರ್ ಸಲ್ಫೇಟ್ ನೀರಿನ ಬಾಟಲಿ ಇಟ್ಟು ಎರಡು ಪದ್ಧತಿಯಲ್ಲೂ ಟಿ1 ಒಂದೇ ಬಂತು, ನಮ್ಮದು ಪಕ್ಕಾ ಅಂತಾರೆ. ಅದರಲ್ಲಿ ಅಂಟಿಕೊಂಡ ಪ್ರೋಟಾನ್ ಎಲ್ಲಿದೆ? ಪಕ್ಕದಲ್ಲಿ ಅಗಾರ್ ಜೆಲ್ ಇಡಿ, ಇಲ್ಲಾ ಸುಮ್ನೆ ಒಂದು ಬೇಯಿಸಿದ ಮೊಟ್ಟೆ ಇಡಿ. ಬೆಂದ ಬಿಳಿಭಾಗದಲ್ಲಿ ಪ್ರೋಟೀನ್ ಗಟ್ಟಿಯಾಗಿ ಹೆಣೆದುಕೊಂಡಿರುತ್ತದೆ. ದೂರದ ಫ್ರೀಕ್ವೆನ್ಸಿಯ ಪಲ್ಸ್ ಹಾಕಿದರೆ ಅದು ಕಪ್ಪಾಗುತ್ತದೆ, ಬಾಟಲಿಯ ನೀರು ಇದ್ದ ಹಾಗೇ ಇರುತ್ತದೆ.

ಎಲ್ಲ ಆಂಗಲ್‌ಗಳಲ್ಲೂ ಪಲ್ಸ್‌ನ ಒಟ್ಟು ಪವರ್ ಒಂದೇ ಇರುವಂತೆ ನೋಡಿಕೊಳ್ಳುವ ಪದ್ಧತಿ ಈಗ ಬಂದಿದೆ, ನನಗೆ ಅದು ಹಿಡಿಸಿದೆ. ಅದು ನಿಮ್ಮ ಮಷಿನ್‌ನಲ್ಲಿ ಇಲ್ಲ ಅಂದ್ರೆ, ಟಿ1 ಬರೆಯುವಾಗ ಪಕ್ಕದಲ್ಲೇ ಸೀಕ್ವೆನ್ಸ್ (ಪಲ್ಸ್‌ಗಳನ್ನು ಕೊಟ್ಟ ಕ್ರಮ), ಫ್ಲಿಪ್ ಆಂಗಲ್, ಪಲ್ಸ್ ಎಷ್ಟು ಉದ್ದ, ಎಷ್ಟು ಸ್ಲೈಸ್ ಅಂತಲೂ ಬರೆಯಿರಿ. ಬೇರೆ ಸೆಂಟರ್‌ನ ಟಿ1 ಜೊತೆ ಹೋಲಿಸುವ ಮಾತು ಆಮೇಲೆ.