ಹಳದಿ ಪುಸ್ತಕ

ಬೈಲಕುಪ್ಪೆಯ ಟಿಬೆಟನ್ನರು ಹೊರದೇಶಕ್ಕೆ ಒಯ್ಯುವ ಹಳದಿ ಪುಸ್ತಕ ಪಾಸ್‌ಪೋರ್ಟ್ ಅಲ್ಲ, ಐಸಿ, ಅಂದರೆ ಪ್ರಯಾಣಕ್ಕೆ ಭಾರತ ಸರ್ಕಾರ ಕೊಡುವ ಗುರುತಿನ ಪತ್ರ. ವಾಪಸ್ ಬರಲಿಕ್ಕೂ ಹೊರಡುವ ಮೊದಲೇ ಅನುಮತಿ ಮಾಡಿಸಿಕೊಂಡಿರಬೇಕು. ಇಲ್ಲಿ ಇರುವುದಕ್ಕೆ ಬೇರೆ ಕಾಗದ, ವಿದೇಶಿಯರ ನೋಂದಣಿ ಪತ್ರವಾದ ಆರ್‌ಸಿ. ಅದನ್ನು ಅವಧಿಗೆ ಮುಂಚೆ ನವೀಕರಿಸುತ್ತಿರಬೇಕು.

1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ನಾಗರಿಕರು. ಕೋರ್ಟುಗಳೂ ಇದನ್ನೇ ಹೇಳಿದವು. ಆದರೂ 2017ರಲ್ಲಿ ಪಾಸ್‌ಪೋರ್ಟಿಗೆ ಷರತ್ತು ಬಂತು: ಆರ್‌ಸಿ, ಐಸಿ ಎರಡನ್ನೂ ಒಪ್ಪಿಸಿ, ಶಿಬಿರದ ವಾಸ ಬಿಡಿ. ಹುಟ್ಟಿನಿಂದಲೇ ಇರುವ ಹಕ್ಕಿಗೆ ಮನೆಯನ್ನೇ ಬೆಲೆ ಕೇಳುವುದು ಯಾವ ನ್ಯಾಯವೋ!

ಟಿಬೆಟ್‌ನಿಂದ ಬಂದ ಅಪ್ಪ ಅಮ್ಮನಿಗೆ ಇಲ್ಲೇ ಹುಟ್ಟಿದ ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. 1986ರ ಅಣ್ಣ ನಾಗರಿಕ. 1988ರ ತಮ್ಮ ಆರ್‌ಸಿ ಹಿಡಿದು ಸರದಿಯಲ್ಲಿ ನಿಂತಿರುತ್ತಾನೆ.