ಆರನೇ ಲೆಕ್ಕ

2006ರ ಆಗಸ್ಟ್. ನಾವು ಒಂಬತ್ತನೇ ಕ್ಲಾಸು. ಓಣಂ ಪರೀಕ್ಷೆ ಹತ್ತಿರ ಬಂದಿತ್ತು. ಹಂಚಿನ ಮಾಡಿಗೆ ಮಳೆ ಬಡಿಯುತ್ತಿದ್ದರೆ ಪಾಠ ಕೇಳಿಸುತ್ತಿರಲಿಲ್ಲ, ಅದಕ್ಕೆ ಲೆಕ್ಕದ ಮಾಷ್ಟ್ರು ಅಂಥ ದಿನ ಪಾಠ ಬಿಟ್ಟು ಬೋರ್ಡಿನಲ್ಲಿ ಏನಾದರೂ ಬರೆದು ಸುಮ್ನೆ ಕೂರುತ್ತಿದ್ದರು.

ಅವತ್ತು ಪೇಪರ್ ಹಿಡಿದುಕೊಂಡು ಬಂದರು. ಆಸ್ಟ್ರೇಲಿಯಾದ ಟೆರೆನ್ಸ್ ಟಾವೊಗೆ ಗಣಿತದ ದೊಡ್ಡ ಪ್ರಶಸ್ತಿ ಫೀಲ್ಡ್ಸ್ ಪದಕ ಬಂದಿತ್ತು. ಹತ್ತು ವರ್ಷದಲ್ಲೇ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ಹೋದ ಹುಡುಗ. 1986ರಲ್ಲಿ ಕಂಚು, ಮರುವರ್ಷ ಬೆಳ್ಳಿ, 1988ರಲ್ಲಿ ಕ್ಯಾನ್‌ಬೆರಾದಲ್ಲಿ ಚಿನ್ನ, ಆಗ ಹದಿಮೂರು ತುಂಬುವ ಪ್ರಾಯ. ಒಲಿಂಪಿಯಾಡಿನ ಪರೀಕ್ಷೆ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಮೂರು ಲೆಕ್ಕ. ಮೂರು ಲೆಕ್ಕಕ್ಕೆ ನಾಲ್ಕೂವರೆ ಗಂಟೆಯಾ ಅಂತ ಹಿಂದಿನ ಬೆಂಚು ನಕ್ಕಿತು. ನಾನೂ ನಕ್ಕಿದ್ದೆ.

ಮಾಷ್ಟ್ರು 1988ರ ಆರನೇ ಲೆಕ್ಕ ಬರೆದರು. ಎರಡು ಧನ ಪೂರ್ಣಾಂಕ ತಗೊಳ್ಳಿ. ಅವುಗಳ ವರ್ಗಗಳನ್ನು ಕೂಡಿಸಿ. ಅದನ್ನು, ಅವೆರಡರ ಗುಣಲಬ್ಧಕ್ಕೆ ಒಂದು ಸೇರಿಸಿ ಬಂದದ್ದರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಉತ್ತರ ಯಾವಾಗಲೂ ವರ್ಗಸಂಖ್ಯೆಯೇ, ಸಾಧಿಸಿ ತೋರಿಸಿ. ಉದಾಹರಣೆಗೆ 8 ಮತ್ತು 2. ಮೇಲೆ 68, ಕೆಳಗೆ 17, ಉತ್ತರ 4.

ನಾನು ಎರಡು ಪುಟ ಗೀಚಿ ಬಿಟ್ಟೆ. ಕಾಸರಗೋಡಿನ ಪೆರ್ಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ಮಾತ್ರ ಬಿಡಲಿಲ್ಲ. ಮೂರನೇ ದಿನ ಒದ್ದೆ ಕೊಡೆ ಮೂಲೆಗಿಟ್ಟವಳೇ ಬೋರ್ಡಿಗೆ ಹೋದಳು. "ಮಾಷ್ಟ್ರೇ, 30 ಮತ್ತು 8 ಹಾಕಿದರೂ 4 ಬರ್ತದೆ." ಮಾಷ್ಟ್ರು ಕೂತು ಗುಣಿಸಿ ನೋಡಿದರು. 964 ಭಾಗಿಸು 241. ಹೌದು, ನಾಲ್ಕೇ. 30 ಎಲ್ಲಿಂದ ಬಂತು ಅಂತ ಕೇಳಿದರೆ, ನಾಲ್ಕೆಂಟ್ಲಿ 32ರಲ್ಲಿ 2 ಕಳೆದೆ ಅಂದಳು. ಹಾಗೇ 30ರ ನಾಲ್ಕುಪಟ್ಟಿನಲ್ಲಿ 8 ಕಳೆದರೆ 112, ಆಮೇಲೆ 418. ಬೋರ್ಡು ತುಂಬುವವರೆಗೆ ಬರೆದಳು. ಯಾಕೆ ಹೀಗೆ ಅಂದರೆ ಗೊತ್ತಿಲ್ಲ. ಮಾಷ್ಟ್ರು ಮಾತಾಡಲಿಲ್ಲ, ಚಾಕ್‌ಪೀಸನ್ನು ಮಾತ್ರ ಬೆರಳಲ್ಲಿ ತಿರುಗಿಸುತ್ತಾ ಇದ್ದರು. ಮುಂದಿನ ಪೀರಿಯಡಿಗೆ ಸಮಾಜದ ಟೀಚರ್ ಬಂದು ಎಲ್ಲ ಒರೆಸಿದರು.

ನಮಗೆ ಒಲಿಂಪಿಯಾಡಿಗೆ ಹೋಗುವ ದಾರಿಯೂ ತಿಳಿದಿರಲಿಲ್ಲ ಬಿಡಿ. ಆಗೆಲ್ಲ ಮೊದಲು ಪ್ರಾದೇಶಿಕ ಪರೀಕ್ಷೆ, ಆಮೇಲೆ ರಾಷ್ಟ್ರಮಟ್ಟದ್ದು ಇತ್ತು ಅಂತ ನಾನು ತಿಳಿದದ್ದು ಕಾಲೇಜಿನಲ್ಲಿ. ಆ ಆರನೇ ಲೆಕ್ಕದಲ್ಲಿ ಟಾವೊಗೆ ಸಿಕ್ಕಿದ್ದು ಏಳರಲ್ಲಿ ಒಂದೇ ಅಂಕ ಅಂತಲೂ ಆಗಲೇ ಓದಿದೆ. ಉತ್ತರವನ್ನೂ ಓದಿದೆ. ಅವಳು ಹತ್ತಿದ ಮೆಟ್ಟಿಲನ್ನೇ ಇಳಿಯಬೇಕಂತೆ. 30, 8, 2, ಆಮೇಲೆ ಸೊನ್ನೆ. ಸೊನ್ನೆ ಬಂದ ಕೂಡಲೇ ಉತ್ತರ ಅಂದರೆ ಪಕ್ಕದ 2ರ ವರ್ಗ, ಅಷ್ಟೇ. ಯಾವ ಜೋಡಿ ಹಿಡಿದು ಇಳಿದರೂ ಕೊನೆಗೆ ಸೊನ್ನೆಯೇ ಸಿಗುತ್ತದೆ ಅಂತ ತೋರಿಸಿದರೆ ಲೆಕ್ಕ ಮುಗಿಯಿತು.

ಮೊನ್ನೆ ಈ ಲೇಖನಕ್ಕೆಂದು ಫೋನ್ ಮಾಡಿ ಅವಳಿಗೆ ಇದನ್ನು ಹೇಳಿದೆ. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾಳೆ ಈಗ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬೋರ್ಡಿನಲ್ಲಿ ಎಡಗಡೆ ಜಾಗ ಇತ್ತಲ್ವಾ ಮಾರಾಯ," ಅಂದಳು.