ಕಡಲ ನಾಡಿನಲ್ಲಿ ಒಂದು ದಿನ

ಕಳೆದ ವಾರ ನೆದರ್ಲೆಂಡ್ಸ್‌ನ ಝೇಲಂಡ್‌ಗೆ ಹೋಗಿದ್ದೆ. ಹೆಸರಿನ ಅರ್ಥವೇ ಕಡಲ ನಾಡು. ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಉಪ್ಪು ನೀರು, ಇನ್ನೊಂದು ಕಡೆ ಆಲೂಗಡ್ಡೆ ಹೊಲ. ಹೊಲವೇ ತಗ್ಗಿನಲ್ಲಿದೆ!

1953ರ ಫೆಬ್ರುವರಿ 1ರ ನಸುಕಿನಲ್ಲಿ ವಾಯವ್ಯದ ಬಿರುಗಾಳಿ, ಹುಣ್ಣಿಮೆಯ ದೊಡ್ಡ ಉಬ್ಬರ ಒಟ್ಟಿಗೇ ಬಂದವು. ಒಡ್ಡುಗಳು ಒಡೆದವು. ದೇಶದಲ್ಲಿ 1836 ಜನ ಸತ್ತರು. ಔವರ್‌ಕೆರ್ಕ್ ಊರಿನ ಹತ್ತಿರ ಒಡೆದ ಜಾಗವನ್ನು ನವೆಂಬರ್‌ನಲ್ಲಿ ನಾಲ್ಕು ಭಾರಿ ಕಾಂಕ್ರೀಟ್ ಪೆಟ್ಟಿಗೆ ಮುಳುಗಿಸಿ ಮುಚ್ಚಿದರು. ಈಗ ಆ ಪೆಟ್ಟಿಗೆಗಳೊಳಗೇ ಮ್ಯೂಸಿಯಂ ಇದೆ. ಗೋಡೆ ಮುಟ್ಟಿದರೆ ತಣ್ಣಗೆ, ಒರಟು. ನೆಲದ ಮರಳಿನ ಮೇಲೆ ಸತ್ತವರ ಹೆಸರುಗಳು ಬೆಳಕಿನಲ್ಲಿ ಮೂಡುತ್ತವೆ. ಆ ರಾತ್ರಿಯೇ ಹುಟ್ಟಿ ಮುಳುಗಿದ ಕೂಸೂ ಆ ಲೆಕ್ಕದಲ್ಲಿದೆ. ಅಲ್ಲಿಂದ ಕಾಲು ಕೀಳಲು ನನಗೆ ಆಗಲೇ ಇಲ್ಲ.

ಆಮೇಲೆ ಕಡಲ ನೀರು ತಡೆಯುವ ಡೆಲ್ಟಾ ಕಾಮಗಾರಿ ಶುರುವಾಯಿತು. ಓಸ್ಟರ್‌ಸ್ಖೆಲ್ಡೆ ಅಳಿವೆಯನ್ನು ಪೂರ್ತಿ ಮುಚ್ಚಬೇಕೆಂದಿತ್ತು. ಉಬ್ಬರವಿಳಿತವೇ ನಿಂತುಹೋಗುತ್ತದೆ ಎಂದು ಮೀನುಗಾರರು, ಪರಿಸರದ ಕಾಳಜಿಯವರು ಬಿಡಲಿಲ್ಲ. ಎಂಥ ಒಳ್ಳೆ ಹಠ, ಅಲ್ವಾ? ಕೊನೆಗೆ 1986ರಲ್ಲಿ 62 ಗೇಟುಗಳ ತಡೆಗೋಡೆ ಉದ್ಘಾಟನೆಯಾಯಿತು. ನೀರು ಸಾಮಾನ್ಯ ಸಮುದ್ರ ಮಟ್ಟಕ್ಕಿಂತ 3 ಮೀಟರ್ ಮೇಲೇರುವ ಅಂದಾಜಿದ್ದರೆ ಗೇಟು ಇಳಿಸುತ್ತಾರೆ. ಉಳಿದ ದಿನ ಉಬ್ಬರವಿಳಿತ ಎಂದಿನಂತೆ.

ಸಂಜೆ ಯೆರ್ಸೆಕೆಯ ದಕ್ಕೆಯಲ್ಲಿ ಮಸೆಲ್ ಚಿಪ್ಪು ತರುವ ದೋಣಿಗಳನ್ನು ನೋಡುತ್ತಾ ಸುಮ್ನೆ ನಿಂತಿದ್ದೆ.